ಹೃದಯ ಮತ್ತು ರಕ್ತ ಪರಿಚಲನೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಮೂಲತತ್ವಗಳು

ಕೊಳವೆಬಾವಿಯ ಪಂಪು, ವಾಲ್ವು, ಪೈಪುಮಾರ್ಗಗಳ ಕಾರ್ಯವಿಧಾನವು ಗ್ರಾಮ ಪಂಚಾಯಿತಿ ಸದಸ್ಯರಿಗೆ ಹೊಸದಲ್ಲ. ಮಾನವ ಶರೀರದ ರಕ್ತ ಪರಿಚಲನೆಯೂ ಅಂತಹದೇ ಒಂದು ಸರಬರಾಜು ವ್ಯವಸ್ಥೆ. ಆದರೆ ನಲ್ಲಿಗೆ ಹರಿದ ನೀರು ಟ್ಯಾಂಕಿಗೆ ಮರಳುವುದಿಲ್ಲ. ರಕ್ತವು ಮರಳಿ ಹೃದಯವನ್ನೇ ಸೇರುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಈ ಸಂಗತಿಯನ್ನು 1628ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಾಧಾರವಾಗಿ ನಿರೂಪಿಸಿದನು.

1. ಹೃದಯದ ರಚನೆ ಮತ್ತು ಕಾರ್ಯ

ಮುಷ್ಟಿಗಾತ್ರದ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ದೇಹವನ್ನು ಸುತ್ತಿ ಬಂದ, ಆಮ್ಲಜನಕ ಕಡಿಮೆಯಾದ ರಕ್ತವನ್ನು ಬಲಭಾಗವು ಶ್ವಾಸಕೋಶಗಳಿಗೆ ತಳ್ಳುತ್ತದೆ. ಅಲ್ಲಿ ಆಮ್ಲಜನಕ ಪಡೆದ ರಕ್ತವನ್ನು ಎಡಭಾಗವು ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ಕಳುಹಿಸುತ್ತದೆ. ರಕ್ತವು ಹಿಮ್ಮುಖವಾಗಿ ಹರಿಯದಂತೆ ನಾಲ್ಕು ಕವಾಟಗಳು ತಡೆಯುತ್ತವೆ.

ವಿಶ್ರಾಂತ ಸ್ಥಿತಿಯಲ್ಲಿ ಪ್ರತಿ ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಹರಿಯುತ್ತದೆ. ದಿನವೊಂದಕ್ಕೆ ಇದು ಸುಮಾರು 7,000 ಲೀಟರ್.

2. ಒತ್ತಡ ಮತ್ತು ನಾಳದ ಅಗಲ

ರಕ್ತದೊತ್ತಡ 120/80 ಎಂದಾಗ ಮೊದಲ ಅಂಕಿಯು ಹೃದಯ ಸಂಕುಚಿಸಿದಾಗಿನ, ಎರಡನೆಯದು ಸಡಿಲಗೊಂಡಾಗಿನ ಒತ್ತಡವನ್ನು ಸೂಚಿಸುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ.

ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ, ಸಮಗತಿಯ ಹರಿವು ಅರ್ಧವಾಗುವುದಿಲ್ಲ. ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅಧಿಕ ರಕ್ತದೊತ್ತಡ, ಮಧುಮೇಹ, ತಂಬಾಕು ಸೇವನೆ ಮತ್ತು ಕೊಬ್ಬಿನ ಶೇಖರಣೆಯಿಂದ ನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಕಿರಿದಾಗುತ್ತವೆ. ಆದುದರಿಂದ ನೋವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

3. ಹೃದಯಾಘಾತ

ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಮಹಾಪಧಮನಿಯಿಂದ ಕವಲೊಡೆದ ಕರೋನರಿ ನಾಳಗಳು ಒದಗಿಸುತ್ತವೆ. ಅವುಗಳಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತರೆ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯುವಿನ ಸ್ಥಾನದಲ್ಲಿ ಗಾಯದ ಕಲೆ ಉಳಿಯುತ್ತದೆ. ಎದೆ ಹಿಂಡಿದಂತಾಗುವುದು, ನೋವು ತೋಳು, ದವಡೆ ಅಥವಾ ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಮಹಿಳೆಯರಲ್ಲಿಯೂ ಮಧುಮೇಹಿಗಳಲ್ಲಿಯೂ ಎದೆನೋವು ಕಡಿಮೆಯಿರಬಹುದು. ‘ಗ್ಯಾಸ್ಟ್ರಿಕ್’ ಎಂದು ಭಾವಿಸಿ ಬೆಳಗಿನವರೆಗೆ ಕಾಯುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಒಳಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷೆ ಹಾಗೂ ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತದೆ. ಈ ಚುಚ್ಚುಮದ್ದು ಬೇಗ ನೀಡಿದಷ್ಟೂ ಫಲಕಾರಿ.

4. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) 30 ವರ್ಷ ಮೇಲ್ಪಟ್ಟವರೆಲ್ಲರೂ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪ್ರಮಾಣ ಪರೀಕ್ಷಿಸಿಕೊಳ್ಳುವಂತೆ ಗ್ರಾಮಸಭೆಯಲ್ಲಿ ತಿಳಿಸುವುದು.

ಆ) ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದೆಂದು ಆಶಾ ಕಾರ್ಯಕರ್ತೆಯರ ಮೂಲಕ ಮನವರಿಕೆ ಮಾಡಿಸುವುದು.

ಇ) 108 ಸಂಖ್ಯೆಯನ್ನೂ ಇ.ಸಿ.ಜಿ. ಸೌಲಭ್ಯವುಳ್ಳ ಸಮೀಪದ ಆಸ್ಪತ್ರೆಯ ಹೆಸರನ್ನೂ ಸೂಚನಾ ಫಲಕದಲ್ಲಿ ಬರೆಯಿಸುವುದು.

ಈ) ಕುಸಿದುಬಿದ್ದು ಪ್ರಜ್ಞೆಯಿಲ್ಲದ, ಸಹಜವಾಗಿ ಉಸಿರಾಡದ ವ್ಯಕ್ತಿಯ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುವ ವಿಧಾನವನ್ನು ಆರೋಗ್ಯ ಇಲಾಖೆಯ ನೆರವಿನಿಂದ ನೀರುಗಂಟಿಗಳು, ಸ್ವಸಹಾಯ ಸಂಘದ ಸದಸ್ಯೆಯರು ಹಾಗೂ ಯುವಜನರಿಗೆ ಕಲಿಸುವುದು.

ಪೈಪು ಒಡೆದ ದೂರು ಬಂದ ದಿನವೇ ದುರಸ್ತಿಗೆ ಮುಂದಾಗುವ ಪಂಚಾಯಿತಿಯು, ಗ್ರಾಮಸ್ಥರ ಹೃದಯದ ವಿಷಯದಲ್ಲಿ ದೂರು ಬರುವ ಮೊದಲೇ ಕಾರ್ಯಪ್ರವೃತ್ತವಾಗುವುದು ಅವಶ್ಯ.