ಕರಬೂಜ ಸಪ್ಪೆಯಾದದ್ದೇಕೆ?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಹಿತ್ತಲಲ್ಲಿ ಬೆಳೆದ ಕರಬೂಜ ನೋಡಲು ಚೆಂದ, ಬಾಯಿಗಿಟ್ಟರೆ ಸೋರೆಕಾಯಿ. ಪಕ್ಕದಲ್ಲೇ ಸೌತೆ ಬಳ್ಳಿ ಇತ್ತು. ಅದರ ಪರಾಗ ತಾಗಿ ರುಚಿ ಕೆಟ್ಟಿತು ಅನ್ನುತ್ತಾರೆ ನಮ್ಮತ್ತೆ. ನಿಜವೇ ಸಾರ್?
— ಓದುಗರು, ತುಮಕೂರು

ಉತ್ತರ: ಸೌತೆಯದ್ದು ತಪ್ಪಿಲ್ಲಮ್ಮ. ಎಳೆಸೌತೆಗೂ ಕರಬೂಜಕ್ಕೂ ಕೂಡಿಕೆಯೇ ಆಗುವುದಿಲ್ಲ. ಕರಾವಳಿಯ ಇಬ್ಬುಡ್ಲ, ಸಾಂಬಾರಿನ ಮಂಗಳೂರು ಸೌತೆ ಕರಬೂಜದ ಜಾತಿಯವೇ. ಅವುಗಳ ಪರಾಗ ತಾಗಬಹುದು. ಆಗಲೂ ವ್ಯತ್ಯಾಸ ಕಾಣುವುದು ಆ ಬೀಜ ಬಿತ್ತಿದ ಮುಂದಿನ ಬೆಳೆಯಲ್ಲಿ, ಈ ಹಣ್ಣಿನ ತಿರುಳಿನಲ್ಲಲ್ಲ.

ಸಿಹಿ ತಯಾರಾಗುವುದು ಎಲೆಯಲ್ಲಿ. ಬೂದಿರೋಗ ಬಂದು ಎಲೆ ಒಣಗಿದ್ದರೆ, ಇಲ್ಲವೇ ಒಂದೇ ಬಳ್ಳಿಗೆ ಆರೇಳು ಕಾಯಿ ಬಿಟ್ಟಿದ್ದರೆ ಸಕ್ಕರೆ ಎಲ್ಲಿಂದ ಬರಬೇಕು? ಮನೆ ತೋಟದ ಬಳ್ಳಿಗೆ ಎರಡು ಮೂರು ಕಾಯಿ ಸಾಕು. ಆದರೆ ಹೆಚ್ಚಿನವರು ಎಡವುವುದು ನೀರಿನಲ್ಲಿ. ಕಾಯಿ ದಪ್ಪಗಾಗಿ ಸಿಪ್ಪೆಯ ಮೇಲೆ ಬಲೆ ಮೂಡಿದ ನಂತರ ಎಲೆ ಬಾಡದಷ್ಟು ಕೊಟ್ಟರಾಯಿತು. ಪ್ರೀತಿಯಿಂದಲೇ ದಿನಾ ಪೈಪ್ ಬಿಡುತ್ತೇವೆ, ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಕೆಲವೊಮ್ಮೆ ಬಿರಿದೇಬಿಡುತ್ತದೆ.

ಕೊಯ್ಲಿಗೂ ಅವಸರ ಬೇಡ. ಮೊದಲೇ ಕಿತ್ತ ಕರಬೂಜ ಮನೆಯಲ್ಲಿಟ್ಟರೆ ಮೆತ್ತಗಾದೀತೇ ಹೊರತು ಸಿಹಿಯಾಗದು. ತೊಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡಿರಬೇಕು, ಹೆಬ್ಬೆರಳಿಂದ ಒತ್ತಿದರೆ ತಾನಾಗಿ ಕಳಚಬೇಕು, ಮೂಸಿದರೆ ಘಮ್ಮೆನ್ನಬೇಕು. ಹಾಗೂ ಸಪ್ಪೆಯಾದರೆ ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಸೇರಿಸಿ ರಸಾಯನ ಮಾಡಿ.

ಪ್ರಶ್ನೆ: ತಾರಸಿಯ ಕುಂಡದಲ್ಲಿ ಕರಬೂಜದ ಬಳ್ಳಿ ಸೊಂಪಾಗಿದೆ. ದಿನಾ ಹೂ ಬಿಡುತ್ತದೆ, ಎಲ್ಲ ಉದುರುತ್ತದೆ. ಗೊಬ್ಬರ ಸಾಲದೇ?
— ಓದುಗರು, ಮೈಸೂರು

ಉತ್ತರ: ಸದ್ಯ ಗೊಬ್ಬರದ ಡಬ್ಬಿ ಮುಟ್ಟಬೇಡಿ, ಸಾರಜನಕ ಹೆಚ್ಚಾದರೆ ಬರೀ ಎಲೆ ಬರುತ್ತದೆ. ಮೊದಮೊದಲು ಬರುವುದೆಲ್ಲ ಗಂಡು ಹೂ, ಅವು ಉದುರಲೇಬೇಕು. ನಾಳೆ ಬೆಳಿಗ್ಗೆ ಹೂಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಎಸಳಿನ ಕೆಳಗೆ ಕಡಲೆಕಾಯಿ ಬೀಜದಷ್ಟು, ನವಿರು ರೋಮದ ಪೀಚು ಕಂಡರೆ ಅದೇ ಕಾಯಿ ಕಚ್ಚುವ ಹೂ. ಇವು ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ ಬರುತ್ತವೆ, ಆದ್ದರಿಂದ ಮುಖ್ಯ ಬಳ್ಳಿಯ ಕುಡಿ ಚಿವುಟಿ.

ಎತ್ತರದ ತಾರಸಿಗೆ ಜೇನ್ನೊಣ ಬರುವುದು ಕಡಿಮೆ. ಬಿಸಿಲೇರುವ ಮುಂಚೆ, ಆಗತಾನೇ ಅರಳಿದ ಗಂಡು ಹೂ ಕಿತ್ತು ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಕಾಯಿ ಹೂವಿನೊಳಗೆ ಮೆಲ್ಲಗೆ ಸವರಿ. ಕೂಡಿಕೊಂಡಿದ್ದರೆ ನಾಲ್ಕೈದು ದಿನದಲ್ಲಿ ಪೀಚು ಹಿಗ್ಗುತ್ತದೆ. ಆಗಲೇ ಅದಕ್ಕೆ ಕಾಗದದ ಚೀಲ ಕಟ್ಟಿ. ಹಣ್ಣು ನೊಣ ಮೊಟ್ಟೆಯಿಡುವುದು ಎಳೆಗಾಯಿಯಲ್ಲೇ.

ಪ್ರಶ್ನೆ: ಹಿತ್ತಲಿಗೆ ಯಾವ ಕಲ್ಲಂಗಡಿ ಒಳ್ಳೆಯದು? ಬಲಿತದ್ದು ತಿಳಿಯುವುದು ಹೇಗೆ?
— ಓದುಗರು, ದಾವಣಗೆರೆ

ಉತ್ತರ: ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಮಾಣಿಕ್’ ಹಾಕಿ, ಬೂದಿರೋಗ ತಡೆಯುವ ಶಕ್ತಿ ಅದಕ್ಕಿದೆ. ತಟ್ಟಿ ನೋಡುವುದಕ್ಕಿಂತ ಕಣ್ಣನ್ನು ನಂಬಿ. ತೊಟ್ಟಿನ ಪಕ್ಕದ ಸುರುಳಿ ಕುಡಿ ಪೂರ್ತಿ ಒಣಗಿ, ನೆಲಕ್ಕೆ ತಾಗಿದ ಬಿಳಿ ಜಾಗ ಬೆಣ್ಣೆಯ ಹಳದಿಗೆ ತಿರುಗಿದ ದಿನ ಕತ್ತರಿ ತೆಗೆದುಕೊಂಡು ಹೋಗಿ.