ಹೊಣೆ ಕೊಟ್ಟ ಮೇಲೆ ಕೈ ಹಾಕಬೇಡಿ

2015ರ ಏಪ್ರಿಲ್ 25ರ ಶನಿವಾರ ನೇಪಾಳದಲ್ಲಿ ಭೂಮಿ ನಡುಗಿದಾಗ ಮಧ್ಯಾಹ್ನ ಹನ್ನೆರಡಕ್ಕೆ ಇನ್ನು ನಾಲ್ಕು ನಿಮಿಷ ಇತ್ತು. ಅಲ್ಲಿ ಶನಿವಾರ ವಾರದ ರಜೆ. ಹಾಗಾಗಿ ಕುಸಿದ ಸಾವಿರಾರು ತರಗತಿ ಕೊಠಡಿಗಳೊಳಗೆ ಮಕ್ಕಳಿರಲಿಲ್ಲ. ಆ ಶಾಲೆಗಳನ್ನು ಮತ್ತೆ ಕಟ್ಟಲು ಹಲವು ದೇಶಗಳಿಂದ ಸ್ವಯಂಸೇವಕರ ತಂಡಗಳು ಹೋದವು. ಈಗಲೂ ಗುಡ್ಡಗಾಡಿನ ಹಳ್ಳಿಗಳಲ್ಲಿ ಶಾಲೆ, ಶೌಚಾಲಯ, ಕುಡಿಯುವ ನೀರಿನ ಕೆಲಸಗಳಿಗೆ ಹೊರಗಿನವರು ಹೋಗುತ್ತಾರೆ. ಭಾರತೀಯರಿಗೆ ವೀಸಾ ಬೇಕಿಲ್ಲದ ಕಾರಣ ನಮ್ಮ ಕಾಲೇಜು ಹುಡುಗ ಹುಡುಗಿಯರಿಗೂ ಇದು ಕೈಗೆಟುಕುವ ಸೇವೆ.

ಇಂಥ ತಂಡದ ಮುಂದಾಳಿಗೆ ಚಳಿ, ಊಟ, ಭಾಷೆ ನಾಲ್ಕು ದಿನದಲ್ಲಿ ಒಗ್ಗುತ್ತವೆ. ಜೊತೆಗಾರರನ್ನು ನಂಬುವುದು ಮಾತ್ರ ಅಷ್ಟು ಬೇಗ ಬರುವುದಿಲ್ಲ. ಪರದೇಶ, ಬೇರೆಯವರ ದೇಣಿಗೆ ಹಣ, ಹೆಚ್ಚುಕಮ್ಮಿಯಾದರೆ ಹೊಣೆ ತನ್ನದು ಎಂಬ ಭಯದಲ್ಲಿ ಸಿಮೆಂಟ್ ಚೀಲದ ಲೆಕ್ಕದಿಂದ ಅಡುಗೆಯ ಉಪ್ಪಿನವರೆಗೆ ಎಲ್ಲವನ್ನೂ ತಾನೇ ನೋಡಲು ಹೊರಡುತ್ತಾನೆ. ವಾರ ಕಳೆಯುವುದರೊಳಗೆ ಪ್ರತಿ ಕೆಲಸವೂ ಅವನ ಒಪ್ಪಿಗೆಗಾಗಿ ಕಾದು ನಿಂತಿರುತ್ತದೆ. ನಂಬಿಕೆ ಹುಟ್ಟಲಿ, ಆಮೇಲೆ ಕೆಲಸ ಒಪ್ಪಿಸೋಣ ಎಂದು ಕಾಯುವವರಿಗೆ ಆ ದಿನ ಬರುವುದೇ ಇಲ್ಲ. ಕೆಲಸ ಒಪ್ಪಿಸುತ್ತ ಹೋದಂತೆ ನಂಬಿಕೆ ಬರುತ್ತದೆ. ಅದಕ್ಕೊಂದು ಕ್ರಮವಿದೆ.

ಹೊರಡುವ ಮೊದಲು ಒಂದು ಹಾಳೆ

ಆಗಬೇಕಾದ ಕೆಲಸಗಳನ್ನೆಲ್ಲ ಬರೆದು ಮೂರು ಗುಂಪು ಮಾಡಿ. ಹೊಣೆ ಹೊತ್ತವರೇ ತೀರ್ಮಾನಿಸುವಂಥವು, ತೀರ್ಮಾನಿಸಿ ನಿಮಗೆ ತಿಳಿಸಬೇಕಾದವು, ನಿಮ್ಮನ್ನು ಕೇಳಿಯೇ ಮಾಡಬೇಕಾದವು. ಮೂರನೆಯ ಗುಂಪು ಚಿಕ್ಕದಿರಲಿ. ಎಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಬದಲಾವಣೆ, ಮಕ್ಕಳ ಸುರಕ್ಷತೆ, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವುದು, ದೊಡ್ಡ ಮೊತ್ತದ ಖರ್ಚು, ಇಷ್ಟು ಸಾಕು. ಈ ಹಾಳೆಯನ್ನು ಇಡೀ ತಂಡ ಕೂತು ಓದಬೇಕು. ನಿಮ್ಮ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದು ಎಲ್ಲರ ಮುಂದೆ ಗೊತ್ತಾದರೆ ನಂತರ ಮೂಗು ತೂರಿಸಲು ನಿಮಗೇ ಸಂಕೋಚವಾಗುತ್ತದೆ.

ಕ್ಯಾಲೆಂಡರನ್ನು ಅಲ್ಲಿಯವರಿಗೆ ಬಿಡಿ

ಸ್ಥಳೀಯ ಜೊತೆಗಾರರಿಗೆ ಒಪ್ಪಿಸಬೇಕಾದ ಮೊದಲ ದೊಡ್ಡ ಕೆಲಸ ವೇಳಾಪಟ್ಟಿ. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ, ಅವರ ಅಸಾರ್ ತಿಂಗಳಲ್ಲಿ, ಭತ್ತದ ನಾಟಿ. ಊರಿನವರು ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುತ್ತಾರೆ, ಥೇಟ್ ನಮ್ಮ ಮುಯ್ಯಾಳಿನ ಪದ್ಧತಿ. ಆಗ ಶಾಲೆಯ ಕೆಲಸಕ್ಕೆ ಆಳು ಕೇಳುವುದು ತಪ್ಪು. ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚುವ ಕಾಲವೂ ಅದೇ. ದಶೈಂ ಹಬ್ಬಕ್ಕೆ ಎಲ್ಲರೂ ಮನೆ ಸೇರುತ್ತಾರೆ. ಲಾರಿ ಯಾವ ತಿರುವಿನವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಯಾರು ಹೊರುತ್ತಾರೆ ಎಂಬುದೂ ಅವರಿಗೇ ಗೊತ್ತು. ನೀವು ಮುಗಿಯಬೇಕಾದ ದಿನ ಹೇಳಿ, ಮಧ್ಯದ್ದನ್ನು ಅವರು ಜೋಡಿಸಲಿ. ವಾರ್ಡ್ ಕಚೇರಿಯ ಜೊತೆಗಿನ ಮಾತುಕತೆಯನ್ನೂ ಅವರೇ ನಡೆಸಲಿ, ನೀವು ಪಕ್ಕದಲ್ಲಿ ಕೂತರೆ ಸಾಕು.

ಒಂದು ದಿನ ಸುಮ್ಮನೆ ನೋಡಿ

ಕಣ್ಣುಮುಚ್ಚಿ ಒಪ್ಪಿಸಿ ಎಂದು ನಾನು ಹೇಳುತ್ತಿಲ್ಲ. ಹೊಣೆ ಕೊಡುವ ಮೊದಲು ಆ ವ್ಯಕ್ತಿ ಕೆಲಸ ಮಾಡುವುದನ್ನು ಒಂದು ದಿನ ಗಮನವಿಟ್ಟು ನೋಡಿ. ಅಲ್ಲಿ ಗಾರೆ ಕೆಲಸದವರನ್ನು ಡಕರ್ಮಿ ಎನ್ನುತ್ತಾರೆ. ಹಳಬ ಡಕರ್ಮಿ ಹೊಳೆಯ ಮರಳನ್ನು ಒಂದು ಹಿಡಿ ತೆಗೆದು ಎರಡು ಅಂಗೈ ನಡುವೆ ಉಜ್ಜುತ್ತಾನೆ, ಕೊಡವುತ್ತಾನೆ, ಅಂಗೈ ತಿರುಗಿಸಿ ನೋಡುತ್ತಾನೆ. ಗೆರೆಗಳಲ್ಲಿ ಮಣ್ಣು ಕೂತಿದ್ದರೆ ಮರಳನ್ನು ತೊಳೆಯಲು ಹೇಳುತ್ತಾನೆ. ಸಂಶಯವಿದ್ದರೆ ಒಂದು ಬಾಟಲಿಯಲ್ಲಿ ಮರಳಿಗೆ ನೀರು ಹಾಕಿ ಅಲ್ಲಾಡಿಸಿಡಿ. ಮೇಲೆ ಕೂರುವ ಮಣ್ಣಿನ ಪದರ ನೋಡಿದರೆ ಅವನು ಹೇಳಿದ್ದು ತಿಳಿಯುತ್ತದೆ. ಅಷ್ಟಾದ ಮೇಲೆ ಮರಳಿನ ಆಯ್ಕೆ ಪೂರ್ತಿ ಅವನದು.

ನೋಡಬೇಕಾದ್ದನ್ನು ಮೊದಲೇ ಹೇಳಿ

ನಂಬಿಕೆ ಕೆಡುವುದು ಹೆಚ್ಚಾಗಿ ಹೇಳದೆ ಕೇಳದೆ ಮಾಡುವ ತಪಾಸಣೆಯಿಂದ. ಏನನ್ನು ಯಾವಾಗ ನೋಡುತ್ತೇನೆಂದು ಮುಂಚೆಯೇ ಹೇಳಿಬಿಟ್ಟರೆ ಯಾರಿಗೂ ಬೇಸರವಾಗುವುದಿಲ್ಲ. ಕಲ್ಲಿನ ಗೋಡೆಯನ್ನೇ ತೆಗೆದುಕೊಳ್ಳಿ. ಒಳಮುಖ, ಹೊರಮುಖ ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳಿಲ್ಲದಿದ್ದರೆ ಭೂಕಂಪದಲ್ಲಿ ಗೋಡೆ ಎರಡಾಗಿ ಸೀಳಿ, ಹೊಟ್ಟೆ ಬಿಟ್ಟು ಬೀಳುತ್ತದೆ. ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿ ಅಂತರದೊಳಗೆ ಅವು ಬರಲೇಬೇಕು. ಮಕ್ಕಳ ಜೀವದ ಪ್ರಶ್ನೆಯಾದ್ದರಿಂದ ಇದನ್ನು ನೀವು ನೋಡಲೇಬೇಕು. ಯಾವ ಕಲ್ಲನ್ನು ಯಾವ ಮಗ್ಗುಲಲ್ಲಿ ಕೂರಿಸಬೇಕೆಂಬುದನ್ನು ಡಕರ್ಮಿಗೆ ಬಿಡಿ.

ಕ್ಯೂರಿಂಗ್ ಹೊಣೆಯನ್ನು ತಂಡದ ಅತಿ ಕಿರಿಯರಿಗೆ ಕೊಡಿ. ಕಾಂಕ್ರೀಟ್ ಪಟ್ಟಿ ಹಾಕಿದ ದಿನದ ತಾರೀಖನ್ನು ಅವರೇ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಕನಿಷ್ಠ ಏಳು ದಿನ ಗೋಣಿಚೀಲ ಹೊದಿಸಿ ಒದ್ದೆಯಾಗಿಡಬೇಕು. ರಜೆಯ ಶನಿವಾರವೂ ನೀರು ಹಾಕುವವರು ಯಾರೆಂದು ಅವರೇ ಗೊತ್ತುಮಾಡಿಕೊಳ್ಳಲಿ. ನೀವು ಸಂಜೆ ಆ ಕಡೆ ನಡೆದು ಹೋದಾಗ ತಾರೀಖೂ ಗೋಣಿಯ ಒದ್ದೆಯೂ ಕಣ್ಣಿಗೆ ಬೀಳುತ್ತವೆ, ಬಾಯಿ ಬಿಟ್ಟು ಕೇಳಬೇಕಿಲ್ಲ.

ಹಣ

ಸಣ್ಣ ಖರ್ಚಿಗೆಂದು ಒಂದು ಮೊತ್ತವನ್ನು ಇಬ್ಬರ ಕೈಗೆ ಕೊಡಿ, ಒಬ್ಬರು ನಮ್ಮವರು, ಒಬ್ಬರು ಊರಿನವರು. ಬಿಲ್ ಕೊಡದ ಅಂಗಡಿಯಲ್ಲಿ ಚೀಟಿಗೆ ಸಹಿ ಸಾಕು. ನಮ್ಮ 1 ರೂಪಾಯಿಗೆ ಅವರ 1.60 ಎಂಬ ದರದಲ್ಲಿ ಎರಡೂ ಲೆಕ್ಕ ಒಂದೇ ಪುಸ್ತಕದಲ್ಲಿರಲಿ. ವಾರಕ್ಕೊಮ್ಮೆ ಎಲ್ಲರೆದುರು ಓದಿಸಿ, ನಿಮ್ಮ ಸ್ವಂತ ಖರ್ಚಿನ ಪುಟದಿಂದಲೇ ಶುರುಮಾಡಿ.

ಎಡವಿದಾಗ

ಯಾರಾದರೂ ಒಪ್ಪಿಕೊಂಡ ಕೆಲಸ ಬಿಟ್ಟರೆ ಕೂಡಲೇ ಅದನ್ನು ಕಿತ್ತು ನೀವು ಮಾಡಬೇಡಿ. ಒಂಟಿಯಾಗಿ ಕರೆದು ಏನಾಯಿತು ಕೇಳಿ. ಎಷ್ಟೋ ಸಲ ಸೂಚನೆಯೇ ತಲುಪಿರುವುದಿಲ್ಲ. ಅತಿಥಿಗೆ ಇಲ್ಲವೆನ್ನಲು ಮನಸ್ಸಾಗದೆ ಅರ್ಥವಾಗದಿದ್ದರೂ ಆಯಿತೆಂದು ತಲೆಯಾಡಿಸುವವರು ಎಲ್ಲ ಊರಲ್ಲೂ ಇದ್ದಾರೆ. ಆದ್ದರಿಂದ ಅರ್ಥವಾಯಿತೇ ಎಂದು ಕೇಳುವ ಬದಲು, ಹೇಗೆ ಮಾಡುತ್ತೀರಿ ಎಂದು ಅವರ ಬಾಯಲ್ಲೇ ಹೇಳಿಸಿ. ಅದೇ ಕೆಲಸವನ್ನು ಇನ್ನೊಮ್ಮೆ, ಸ್ವಲ್ಪ ಚಿಕ್ಕದು ಮಾಡಿ, ಅವರಿಗೇ ಕೊಡಿ. ಸುಳ್ಳು ಲೆಕ್ಕ ಬರೆದವರ, ಸುರಕ್ಷತೆಯಲ್ಲಿ ಉಡಾಫೆ ತೋರಿದವರ ವಿಷಯ ಬೇರೆ, ಅಲ್ಲಿ ಹೊಣೆ ಅಂದೇ ಬದಲಾಗಬೇಕು.

ಅರ್ಧ ಕೆಲಸ ಮುಗಿದ ಹೊತ್ತಿಗೆ ಎರಡು ದಿನ ಸೈಟಿನಿಂದ ದೂರವಿರಿ. ಸಾಮಾನು ತರಲು ಜಿಲ್ಲಾ ಕೇಂದ್ರಕ್ಕೆ ನೀವೇ ಹೋಗಬಹುದು. ಆ ಎರಡು ದಿನ ತುರ್ತಿಗೆ ಮಾತ್ರ ಫೋನು ಎಂದು ಹೇಳಿಹೋಗಿ. ವಾಪಸು ಬಂದಾಗ ಗೋಡೆ ಎಷ್ಟು ಎದ್ದಿದೆ ಎಂದು ಕೇಳುವ ಮೊದಲು, ಯಾವ ಯಾವ ತೀರ್ಮಾನ ಮಾಡಿದಿರಿ ಎಂದು ಕೇಳಿ. ಅವುಗಳಲ್ಲಿ ಅಪಾಯವಿಲ್ಲದ ಯಾವುದನ್ನೂ, ನಿಮಗೆ ಒಪ್ಪಿಗೆಯಾಗದಿದ್ದರೂ, ಬದಲಿಸಬೇಡಿ.