ಔಷಧ ಕೊಟ್ಟ ನಂತರದ ನಿಗಾ: ರೋಗಿಯ ಹಕ್ಕು, ಆಸ್ಪತ್ರೆಯ ಹೊಣೆ

ಒಳರೋಗಿಗೆ ಯಾವ ಔಷಧವೆಂದು ನಿರ್ಧರಿಸುವವರು ವೈದ್ಯರಾದರೂ, ಆ ಔಷಧ ದೇಹದಲ್ಲಿ ಏನು ಮಾಡುತ್ತಿದೆ ಎಂಬುದನ್ನು ಹಗಲಿರುಳು ನೋಡಿ ದಾಖಲಿಸುವ ಹೊಣೆ ಮುಖ್ಯವಾಗಿ ಶುಶ್ರೂಷಕರದು. ಅಡ್ಡಪರಿಣಾಮ, ಅಂದರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಔಷಧದಿಂದ ಉಂಟಾಗಬಹುದಾದ ಅನಪೇಕ್ಷಿತ ತೊಂದರೆ, ಕಾಣಿಸಿಕೊಂಡಿತೆಂಬ ಒಂದೇ ಕಾರಣಕ್ಕೆ ಕಾನೂನು ಅದನ್ನು ನಿರ್ಲಕ್ಷ್ಯವೆನ್ನುವುದಿಲ್ಲ. ಅದನ್ನು ಸಕಾಲದಲ್ಲಿ ಗುರುತಿಸುವಷ್ಟು ನಿಗಾ ಇತ್ತೇ, ಗುರುತಿಸಿದ ಮೇಲೆ ತಕ್ಕ ಕ್ರಮ ಕೈಗೊಳ್ಳಲಾಯಿತೇ ಎಂಬುದನ್ನು ಕೇಳುತ್ತದೆ.

ಗರ್ಭಿಣಿಯ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಸ್ಥಿತಿಯಲ್ಲಿ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಜೀವ ಉಳಿಸುವ ಔಷಧವಾದರೂ, ರಕ್ತದಲ್ಲಿ ಮಿತಿಮೀರಿದರೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಆದ್ದರಿಂದ ಮುಂದಿನ ಡೋಸ್ ಕೊಡುವ ಮೊದಲು ಉಸಿರಾಟ ನಿಮಿಷಕ್ಕೆ ಕನಿಷ್ಠ 16 ಬಾರಿ ಇದೆಯೇ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಚಿಮ್ಮುತ್ತದೆಯೇ, ಹಿಂದಿನ 4 ಗಂಟೆಗಳಲ್ಲಿ ಗಂಟೆಗೆ 30 ಮಿಲಿಲೀಟರಿನಷ್ಟಾದರೂ ಮೂತ್ರ ಬಂದಿದೆಯೇ ಎಂದು ನೋಡಬೇಕು. ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮಂಡಿಯ ಪ್ರತಿಕ್ರಿಯೆಯಂತೂ ಉಸಿರು ಕುಗ್ಗುವ ಮೊದಲೇ ಇಲ್ಲವಾಗುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಡೋಸ್ ತಡೆಹಿಡಿದು ವೈದ್ಯರನ್ನು ಕರೆಯಬೇಕು, ವಿಷಪರಿಣಾಮವನ್ನು ಇಳಿಸುವ ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟಕುವಂತಿರಬೇಕು. ಒಬ್ಬ ಶುಶ್ರೂಷಕಿಗೆ ಇಡೀ ವಾರ್ಡನ್ನು ಒಪ್ಪಿಸಿ, ಇಂಥ ನಿಗಾ ತಪ್ಪಿದಾಗ ಆಕೆಯೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಅರ್ಹತೆಯಿಲ್ಲದ ಶುಶ್ರೂಷಕಿ ಕೊಟ್ಟ ಚುಚ್ಚುಮದ್ದಿನಿಂದ ಮಗುವೊಂದರ ಮಿದುಳಿಗೆ ಹಾನಿಯಾದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ, ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆಯೆಂದು, ಮಗುವಿನಂತೆ ಪಾಲಕರೂ ಗ್ರಾಹಕ ಕಾನೂನಿನಡಿ ಗ್ರಾಹಕರೆಂದು ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪಿತ್ತಿತು.

ನಿಗಾ ನಡೆದಿತ್ತೇ ಎಂಬುದಕ್ಕೆ ಮೊದಲ ಸಾಕ್ಷ್ಯ ಕೇಸ್ ಶೀಟ್. 2002ರ ವೈದ್ಯಕೀಯ ವೃತ್ತಿ ನಡತೆ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಯ್ದಿಡಬೇಕು, ರೋಗಿಯಾಗಲಿ ಅಧಿಕಾರ ಪಡೆದ ಸಹಾಯಕರಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ನಿಗಾದ ವಿವರಗಳು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಶುಶ್ರೂಷಕರ ಟಿಪ್ಪಣಿ ಹಾಗೂ ಡ್ರಗ್ ಚಾರ್ಟನ್ನು ಹೆಸರಿಸಿಯೇ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯುವುದು ಒಳಿತು.

ಅಡ್ಡಪರಿಣಾಮದ ವರದಿ ದೂರಿಗಿಂತ ಬೇರೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ, ಅಂದರೆ ಔಷಧಗಳ ಸುರಕ್ಷತೆಯ ಮೇಲೆ ಕಣ್ಣಿಡುವ ವ್ಯವಸ್ಥೆಗೆ, ರೋಗಿಗಳೂ 1800-180-3024ಕ್ಕೆ ಉಚಿತವಾಗಿ ಕರೆಮಾಡಿ ತಿಳಿಸಬಹುದು. ಔಷಧವೇ ಕಾರಣವೆಂದು ಸಾಬೀತುಪಡಿಸಬೇಕಿಲ್ಲ, ಅನುಮಾನ ಸಾಕು. ರೋಗಿಯ ಗುರುತು ಗೋಪ್ಯವಾಗಿರುತ್ತದೆ. ವರದಿ ತಪ್ಪೊಪ್ಪಿಗೆಯಲ್ಲವಾದ್ದರಿಂದ ಶುಶ್ರೂಷಕರೂ ಹಿಂಜರಿಯಬೇಕಿಲ್ಲ.

ಆಸ್ಪತ್ರೆಯ ವಿರುದ್ಧದ ದೂರಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರವಿದೆ. ಪರಿಹಾರ ಬೇಕಾದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಅಲ್ಲಿ ದೂರು ಸಲ್ಲಿಸಲು ಇರುವ ಅವಧಿ 2 ವರ್ಷ, ಸಕಾರಣವಿದ್ದರೆ ಮಾತ್ರ ವಿಳಂಬಕ್ಕೆ ಮನ್ನಣೆ. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಗಳು 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗ್ರಾಹಕ ಕಾನೂನಿನ ಹೊರಗುಳಿಯುತ್ತವೆ. ಅಲ್ಲಿ ಹಾನಿಗೊಳಗಾದವರು ಸಿವಿಲ್ ನ್ಯಾಯಾಲಯದ ಮೊರೆಹೋಗಬಹುದು, ಸರ್ಕಾರಿ ಆಸ್ಪತ್ರೆಯಾದರೆ ತಮ್ಮ ದಾಖಲೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು.